ಉಳಿಯದ ಮೊದಲ ಬಡಿತ

ಪುಣೆಯ ಆ ಪ್ರಯೋಗಾಲಯದಲ್ಲಿ ನನ್ನ ಪಿಎಚ್‌.ಡಿ.ಗೆ ಇದ್ದದ್ದು ಒಂದೇ ವಿಷಯ: ಮೊಟ್ಟೆಯೊಳಗಿನ ಮೀನುಮರಿಯ ಹೃದಯ ಮೊದಲ ಸಲ ಹೇಗೆ ಬಡಿಯುತ್ತದೆ ಎಂಬುದು. ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಬೆಳಗಿನಿಂದ ಸಂಜೆಯವರೆಗೆ ಎಡೆಬಿಡದೆ ಚಿತ್ರ ತೆಗೆಯಬೇಕು. ಇದಕ್ಕೆಂದೇ ಘಟ್ಟದ ಹಳ್ಳದಿಂದ ತಂದ ಅಪರೂಪದ ಜಾತಿಯ ಮೀನುಗಳು ತೊಟ್ಟಿಯಲ್ಲಿ ಒಂದೊಂದಾಗಿ ಸತ್ತುಹೋಗಿದ್ದವು. ಅವು ಇಟ್ಟ ಮೊಟ್ಟೆಗಳಲ್ಲಿ ಜೀವ ಉಳಿದದ್ದು ಒಂದರಲ್ಲಿ ಮಾತ್ರ. ಮತ್ತೆ ಹಿಡಿದು ತರಲು ಅನುಮತಿ ಇರಲಿಲ್ಲ, ನನ್ನ ಫೆಲೋಶಿಪ್ಪಿನ ಅವಧಿಯೂ ಮುಗಿಯುತ್ತ ಬಂದಿತ್ತು.

ನಮ್ಮಲ್ಲೊಂದು ಕಟ್ಟಳೆ. ಹಿಂದೆ ಯಾರದೋ ಡಿಸ್ಕ್ ಕೆಟ್ಟು ವರ್ಷದ ಕೆಲಸ ಮಣ್ಣುಪಾಲಾಗಿತ್ತಂತೆ. ಅಂದಿನಿಂದ ಕ್ಯಾಮೆರಾದ ಕಂಪ್ಯೂಟರಿನಲ್ಲಿ ಯಾರೂ ಏನನ್ನೂ ಇಡುವಂತಿಲ್ಲ. ಎಲ್ಲವೂ ನೇರ ಕೆಳಮಹಡಿಯ ಸರ್ವರಿಗೇ ಹೋಗಬೇಕು. ನಾಲ್ಕು ಫೋಟೊ ತೆಗೆದು ಮನೆಗೆ ಹೋಗುವವರಿಗೆ ಅದು ಸರಿ. ನನ್ನ ಕ್ಯಾಮೆರಾ ಬಿಡುವಿಲ್ಲದೆ ಚಿತ್ರ ಸುರಿಯುತ್ತಿತ್ತು. ಆದರೂ ಎಲ್ಲರಂತೆ ನಾನೂ ಸರ್ವರನ್ನೇ ಆರಿಸಿ ಬಟನ್ ಒತ್ತಿದೆ.

ಊಟದ ಹೊತ್ತಿಗೆ ಪರದೆಯ ಮೇಲೆ ಅದು ಬಡಿಯಿತು. ಒಮ್ಮೆ ಅದುರಿ ನಿಂತಿತು. ಆಮೇಲೆ ಇನ್ನೊಮ್ಮೆ. ನನಗೆ ಅಳುವೇ ಬಂತು. ಸುತ್ತ ಯಾರೂ ಇರಲಿಲ್ಲ, ಎಲ್ಲರೂ ಕ್ಯಾಂಟೀನಿಗೆ ಹೋಗಿದ್ದರು.

ಸಂಜೆ ಫೋಲ್ಡರ್ ತೆರೆದರೆ ಬೆಳಗಿನ ಚಿತ್ರಗಳಷ್ಟೇ ಇದ್ದವು. ಕ್ಯಾಮೆರಾದ ವೇಗಕ್ಕೆ ಸರ್ವರಿನ ದಾರಿ ಸಾಲದೆ, ಕಾಯುತ್ತಿದ್ದ ಚಿತ್ರಗಳು ಮೆಮೊರಿಯಲ್ಲಿ ತುಂಬಿಕೊಂಡು, ಜಾಗ ಮುಗಿದ ಮೇಲೆ ಉಳಿಸುವುದೇ ನಿಂತುಹೋಗಿತ್ತು. ಪರದೆಯಲ್ಲಿ ಮಾತ್ರ ಚಿತ್ರ ಏನೂ ಆಗದಂತೆ ಓಡುತ್ತಲೇ ಇತ್ತು. ಹಾಳು ತಂತ್ರಾಂಶ ಒಂದು ಮಾತೂ ಹೇಳಲಿಲ್ಲ.

ನನ್ನ ಗೈಡನ್ನು ಕರೆತಂದೆ. ಅವರು ವಿಜಯಪುರದ ಕಡೆಯವರು. ಎಲ್ಲರೊಡನೆ ಮರಾಠಿ, ನನ್ನೊಡನೆ ಮಾತ್ರ ಕನ್ನಡ.

“ಸರ್, ನಾ ಕಣ್ಣಾರೆ ನೋಡೇನ್ರಿ,” ಎಂದೆ.

ಅವರು ಫೋಲ್ಡರಿನ ಕೊನೆಯ ಚಿತ್ರದ ಸಮಯ ನೋಡಿದರು. “ನೀ ನೋಡಿದ್ದು ಖರೆ ಅದವ್ವಾ. ನಾ ನಂಬತೀನಿ. ಆದ್ರ ಪ್ರಬಂಧದಾಗ ಏನಂತ ಹಾಕೂದು?”

ಕೆಲಸ ಕೈಬಿಟ್ಟುಹೋಗಿತ್ತು, ಅದು ಇಬ್ಬರಿಗೂ ಗೊತ್ತಿತ್ತು. ಅವರು ಹೋದ ಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಆ ಪುಟ್ಟ ಹೃದಯ ಈಗ ಸರಾಗವಾಗಿ ಬಡಿಯುತ್ತಿತ್ತು. ಅದರ ಮೇಲೆ ನನಗೆ ಹೇಳಲಾಗದಷ್ಟು ಸಿಟ್ಟು ಬಂತು. ಅದು ಇನ್ನು ನಿಲ್ಲಬಹುದಿತ್ತೇ ಹೊರತು, ಮತ್ತೆ ಮೊದಲಾಗುವಂತಿರಲಿಲ್ಲ.