ಗಾಲಿಗೆ ತುಟಿ ಇಲ್ಲದ ರೈಲುಗಳು

ನಮ್ಮ ಮನೆಯವರನ್ನು ಮಣ್ಣು ಮಾಡುವಾಗ ಅವರ ಇಂಜಿನ್ನನ್ನೂ ಕುಣಿಯಲ್ಲಿ ಇಡಿಸಿದೆ. ಮಂತ್ರ ಹೇಳುತ್ತಿದ್ದ ಅಯ್ಯನವರು ಒಮ್ಮೆ ನನ್ನ ಮುಖ ನೋಡಿದರು, ಬೇಡ ಅನ್ನಲಿಲ್ಲ. ಕೂಡಿಸಿದ ಹೆಣದ ಬಲ ಮೊಣಕಾಲಿನ ಹತ್ತಿರ ಇಟ್ಟು, ಮೇಲೆ ಪತ್ರಿ ವಿಭೂತಿ ಹಾಕಿದರು. ಮನೆಗೆ ಬಂದು ಮೈ ತೊಳೆಯುವಾಗ ಸೊಂಟದ ಕೀಲಿ ಗೊಂಚಲಿನಲ್ಲಿ ಅದರ ಚಾವಿ ಕೈಗೆ ಸಿಕ್ಕಿತು. ಇಂಜಿನ್ ಅವರ ಹತ್ತಿರ, ಚಾವಿ ನನ್ನ ಹತ್ತಿರ. ಅಂಥ ಹೆಂಗಸು ನಾನು.

ಇಂಜಿನ್ ಅಂದರೆ ಆಟದ್ದು. ಗೇಣುದ್ದ. ಚಾವಿ ಕೊಟ್ಟರೆ ಓಡುತ್ತಿತ್ತು.

ಅವರ ಹೆಸರು ಜಗದೇವಪ್ಪ. ಊರು ಅತನೂರ. ಅಫಜಲಪುರದ ಹತ್ತಿ ಗಿರಣಿಯಿಂದ ಗಾಣಗಾಪುರ ಸ್ಟೇಶನ್ನಿಗೆ ಎತ್ತಿನ ಗಾಡಿಯಲ್ಲಿ ಬಿಗಿದ ಹತ್ತಿಯ ಅಂಡಿಗೆ ಹೊಡೆಯುವುದು ಅವರ ಕೆಲಸ. ಇಪ್ಪತ್ತು ವರ್ಷ ಅದನ್ನೇ ಮಾಡಿದರು. ಸ್ಟೇಶನ್ನಿನಲ್ಲಿ ರೈಲಿನ ಖಾಲಿ ಡಬ್ಬಿ ಬರುವ ತನಕ ಗಾಡಿಯವರು ಎರಡು ದಿನ, ಮೂರು ದಿನ ಕಾಯಬೇಕು. ಉಳಿದವರು ಗಾಡಿಯ ಕೆಳಗೆ ಮಲಗುತ್ತಿದ್ದರು, ಇಸ್ಪೀಟು ಆಡುತ್ತಿದ್ದರು. ಇವರು ಹಳಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಗಾಲಿ ನೋಡುತ್ತಿದ್ದರು. ಓದು ಬರಹ ಇಲ್ಲ. ಆದರೆ ಶೀಟಿ ಕೇಳಿ ಯಾವ ಇಂಜಿನ್ ಅಂತ ಹೇಳುತ್ತಿದ್ದರು.

ಒಮ್ಮೆಯೂ ರೈಲು ಹತ್ತಲಿಲ್ಲ. ಯಾಕೆ ಅಂತ ಕೇಳಿದೆ.

“ಒಳಗ ಕುಂತ್ರ ಇಂಜಿನ್ ಕಾಣಂಗಿಲ್ಲಲ್ಲ ಸುಭದ್ರಾ” ಅಂದರು.

ಸ್ಟೇಶನ್ನಿನ ಗಾರ್ಡ್ ಸಾಹೇಬನಿಗೆ ಬೇರೆ ಊರಿಗೆ ಬದಲಿ ಆಯಿತು. ಅವನ ಸಾಮಾನು ಸಾಗಿಸಿದ ಕೂಲಿಗೆ ಬದಲಾಗಿ ಈ ಇಂಜಿನ್ ಕೇಳಿ ತಂದರು. ಜರ್ಮನಿಯದು. ನಾನು ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಅಂಡಿಗೆ ಬಿಗಿಯುವ ಕಬ್ಬಿಣದ ಪಟ್ಟಿ ತಂದು, ಜಾಲಿ ಕಟ್ಟಿಗೆಯ ತುಂಡಿಗೆ ಬಡಿದು, ಅಂಗಳದಲ್ಲಿ ಜೋಳ ತುಂಬಿಡುವ ಹಗೇವಿನ ಸುತ್ತ ಹಳಿ ಹಾಕಿದರು. ತುಂಡು ಹಿಡಿದುಕೊಂಡವಳು ನಾನೇ. ಡಬ್ಬಿಗಳನ್ನು ತಾವೇ ಮಾಡಿದರು. ಮೂರು. ಒಂದೊಂದಕ್ಕೆ ಒಂದೊಂದು ಮಳೆಗಾಲ ಹಿಡಿಯಿತು.

ನಮಗೆ ಮಕ್ಕಳಿಲ್ಲ. ಊರವರಿಗೆ ಅಷ್ಟು ಸಾಕಾಯಿತು. ಬಾವಿಗೆ ಹೋದರೆ, “ತೊಟ್ಟಿಲಾ ತೂಗೋದು ಬಿಟ್ಟು ರೈಲು ಓಡಸಾಕತ್ಯಾರ” ಅನ್ನುವರು. ಅಂದವರೇ ಸಂಜೆಗೆ ನಮ್ಮ ಗೋಡೆಯ ಮೇಲಿನಿಂದ ಕತ್ತು ಚಾಚಿ ನೋಡುವರು.

ಚಾವಿ ಕೊಡುವುದು ನನ್ನ ಕೆಲಸ. ಅವರು ಒಮ್ಮೆ ಖುಷಿಯಲ್ಲಿ ಹೆಚ್ಚು ತಿರುಗಿಸಿ, ಸ್ಪ್ರಿಂಗು ಕಿರ್ ಅಂದಾಗ ಅಂಜಿ, ಚಾವಿಯನ್ನು ನನಗೆ ಕೊಟ್ಟುಬಿಟ್ಟರು. “ಹನ್ನೊಂದ ಸುತ್ತು. ಹನ್ನೆರಡು ಕೊಡಬ್ಯಾಡ. ನಿನ್ನ ಕೈ ನೆಟ್ಟಗದ” ಅಂದರು. ಏಳು ವರ್ಷ ಹನ್ನೊಂದೇ ಸುತ್ತು ಕೊಟ್ಟೆ.

ಅವರಿಗೆ ರೈಲು ಎಷ್ಟು ಸೇರುತ್ತಿತ್ತೋ, ಆಟದ ರೈಲು ಮಾಡುವವರು ಅಷ್ಟೇ ಸೇರುತ್ತಿರಲಿಲ್ಲ. ವರ್ಷಕ್ಕೊಮ್ಮೆ ಆಳಂದ, ಅಫಜಲಪುರ, ಜೇವರ್ಗಿ ಸುತ್ತಿ ಹೊಸದಾಗಿ ಏನು ಮಾಡಿದ್ದಾರೆ ನೋಡಿ ಬರುವರು. ಬಂದು ಊಟಕ್ಕೆ ಕೂತು ಬೈಯುವರು. ಬೈಗುಳ ಒಂದೇ. ಗಾಲಿಗೆ ತುಟಿ ಇಲ್ಲ. ರೈಲಿನ ಗಾಲಿಯ ಒಳಬದಿಗೆ ಒಂದು ಅಂಚು ಇರುತ್ತದೆ, ಅದೇ ಅದನ್ನು ಹಳಿಯ ಮೇಲೆ ಹಿಡಿದಿಡುವುದು. ಅದಕ್ಕೆ ಅವರು ತುಟಿ ಅನ್ನುತ್ತಿದ್ದರು.

ಜ್ವರ ಬಂದು ಮೂರು ದಿನಕ್ಕೆ ಹೋದರು.

ವರ್ಷದ ದಿನ ಸತ್ತವರ ಮುಂದೆ ಅವರಿಗೆ ಸೇರುತ್ತಿದ್ದ ವಸ್ತು ಇಟ್ಟು ಎಡೆ ಕೊಡುವುದು ನಮ್ಮಲ್ಲಿ ಪದ್ಧತಿ. ಬೀಡಿ ಸೇದುವವರಿಗೆ ಬೀಡಿ, ಅಡಿಕೆ ತಿನ್ನುವವರಿಗೆ ಅಡಿಕೆ. ಇವರಿಗೆ ರೈಲು ಇಡಬೇಕು. ಡಬ್ಬಿ ಮೂರೂ ಇದ್ದವು. ಇಂಜಿನ್ ಮಣ್ಣಲ್ಲಿತ್ತು. ಅವರು ನೋಡಿ ನಗಬಾರದು, ಅಂಥ ಒಂದು ಇಂಜಿನ್ ಬೇಕು. ಎಡೆಗೆ ಇನ್ನೂ ಎರಡು ತಿಂಗಳಿತ್ತು.

ಮೊದಲು ಆಳಂದಕ್ಕೆ ಹೋದೆ. ರಸೂಲ ಅಲ್ಲಿ ಘಾಸಲೇಟ್ ಎಣ್ಣೆಯ ತಗಡಿನ ಡಬ್ಬ ಕತ್ತರಿಸಿ ಆಟಿಕೆ ಮಾಡುತ್ತಾನೆ. ಬೆಸುಗೆ ಚೆನ್ನಾಗಿ ಹಾಕುತ್ತಾನೆ. ಬೇರೇನೂ ಚೆನ್ನಾಗಿಲ್ಲ.

“ಈ ವರ್ಷದ ಹೊಸ ಮಾಲು ನೋಡ್ರಿ ಅಕ್ಕಾ. ಊದಿದ್ರ ಶೀಟಿ ಹೊಡೀತದ.”

“ಎಲ್ಲಿ ಊದಬೇಕು?”

“ಇಲ್ಲಿ. ಹೊಗಿ ಕೊಳವಿಗಿ ಬಾಯಿ ಹಚ್ಚಿ.”

“ಹೊಗಿ ಬರೋ ಜಾಗಕ್ಕ ಬಾಯಿ ಹಚ್ಚಬೇಕೇನು?”

“ಇದರಾಗ ಹೊಗಿ ಎಲ್ಲಿ ಅದ ಅಕ್ಕಾ.”

“ಹಂಗಾದ್ರ ಕೊಳವಿ ಯಾಕ ಇಟ್ಟೀದಿಯಪ್ಪಾ?”

ಅವನು ನಕ್ಕ. “ನಿಮ್ಮ ಮನಿಯವ್ರದೂ ಇದೇ ಮಾತು. ವರ್ಷಕ್ಕೊಮ್ಮೆ ಬಂದು, ನನ್ನ ಮಾಲೆಲ್ಲಾ ಬೋರಲ ಹಾಕಿ ಗಾಲಿ ನೋಡಿ, ಒಂದೂ ಒಯ್ಯಲಾರದ ಹೋಗ್ತಿದ್ರು.”

“ತುಟಿ ಹಚ್ಚು ಅಂತ ಹೇಳಿರಲಿಲ್ಲೇನು?”

“ಹೇಳಿದ್ರು. ತುಟಿ ಹಚ್ಚಿದ್ರ ನೆಲದ ಮ್ಯಾಲ ನೆಟ್ಟಗ ಓಡಂಗಿಲ್ಲ. ಹಳಿ ಯಾರ ಮನ್ಯಾಗ ಅದಾವ ಹೇಳ್ರಿ?”

“ನಮ್ಮ ಮನ್ಯಾಗ ಅದಾವ.”

“ಒಂದ ಮನಿ ಸಲುವಾಗಿ ನಾ ಬ್ಯಾರೆ ಅಚ್ಚು ಮಾಡ್ಲೇನು ಅಕ್ಕಾ?”

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೂ ಇಂಜಿನ್ ಬೋರಲು ಹಾಕಿ ನೋಡಿದೆ. ಗಾಲಿಗಳು ನಶ್ಯದ ಡಬ್ಬಿಯ ಮುಚ್ಚಳಗಳು. ಹೆಸರು ಕೂಡ ಅಳಿಸಿರಲಿಲ್ಲ.

ಅಫಜಲಪುರಕ್ಕೆ ಹೋಗುವಾಗ ನಮ್ಮ ಮನೆಯವರ ಅಕ್ಕ ಗುರುಬಾಯಿ ಜೊತೆಗೆ ಬಂದಳು. ನನಗಿಂತ ಹತ್ತು ವರ್ಷ ದೊಡ್ಡವಳು. ಪೀರಪ್ಪ ಅಂತ ಗಾಡಿ ಮಾಡುವ ಬಡಿಗ, ಬಿಡುವಿದ್ದಾಗ ಕಟ್ಟಿಗೆಯ ಆಟಿಕೆ ಮಾಡುತ್ತಾನೆ. ಅವನ ರೈಲು ನೋಡಿದೆ. ಕೆಂಪು, ಹಸಿರು, ಹಳದಿ. ಇಂಜಿನ್ನಿನ ಮುಂದೆ ಉದ್ದಕ್ಕೆ ಒಂದು ಕೋಲು ಚಾಚಿಕೊಂಡಿತ್ತು.

“ಇದೇನು ಪೀರಪ್ಪಾ?”

“ಮೂಕಿ.”

“ರೈಲಿಗೆ ಮೂಕಿ ಯಾಕ?”

“ಮತ್ತ ನೊಗ ಎಲ್ಲಿ ಕಟ್ಟಬೇಕ್ರಿ?”

ಕೋಲು ಹಿಡಿದು ನೋಡಿದೆ. ಆಮೇಲೆ ಕೇಳಿದೆ. “ನೀ ರೈಲು ನೋಡೀದಿ ಏನು?”

“ನಾ ಯಾಕ ನೋಡ್ಲಿ? ನಮ್ಮ ಮುತ್ಯಾನ ಕಾಲದಿಂದ ಗಾಡಿ ಮಾಡಾಕತ್ತೇವಿ. ಗಾಲಿ ಇದ್ದ ಮ್ಯಾಲ ಎಳಿಯೋದು ಬೇಕಲ್ಲ. ಈ ಸಲ ಹೊಸದಾಗಿ ಗೆಜ್ಜಿ ಹಚ್ಚೇನಿ, ಕೇಳ್ರಿಲ್ಲಿ.” ಇಂಜಿನ್ ಹಿಡಿದು ಅಲುಗಾಡಿಸಿದ. ಗೆಜ್ಜೆ ಝಲ್ ಅಂದವು.

ಗುರುಬಾಯಿಗೆ ಗೆಜ್ಜೆ ಹಿಡಿಸಿತು. “ಚಂದ ಅದ ಬೇ. ತಮ್ಮಗ ಎತ್ತಂದ್ರ ಜೀವ. ಮೂಕಿ ಇದ್ರ ಏನಾತು?”

“ಅವರು ಇದ್ದಿದ್ರ ಇದನ್ನ ಒಲಿಗೆ ಹಾಕ್ತಿದ್ರು ಅಕ್ಕಾ.”

“ಅಂವ ಇಲ್ಲಲ್ಲ. ನೀ ಎಷ್ಟು ಹಟಾ ಮಾಡ್ತಿ” ಅಂದು ಆಕೆ ಅದನ್ನು ಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು.

ಜೇವರ್ಗಿ ಉಳಿಯಿತು. ಘತ್ತರಗಿಯಲ್ಲಿ ಹರಿಗೋಲು ಹತ್ತಿ ಭೀಮೆ ದಾಟಿ ಹೋದೆ. ಅಲ್ಲಿ ದೌಲತರಾಯರ ಅಂಗಡಿ ದೊಡ್ಡದು, ಹೊರಗಿನ ಊರುಗಳ ಮಾಲು ಬರುತ್ತದೆ. ಅವರು ಮೇಲಿನ ಹಲಗೆಯಿಂದ ಒಂದು ಪೆಟ್ಟಿಗೆ ಇಳಿಸಿದರು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಇಂಜಿನ್ ಇತ್ತು, ಹೊಗೆ ಇತ್ತು, ಗಾಲಿಗೆ ತುಟಿಯೂ ಇತ್ತು. ಮುಚ್ಚಳ ತೆಗೆದರೆ ಒಳಗೆ ರಟ್ಟು. ರಟ್ಟಿನ ಇಂಜಿನ್ನು, ಅದರ ಮಗ್ಗುಲಿಗೆ ಬಣ್ಣದಲ್ಲಿ ಬರೆದ ಚಾವಿ.

“ಚಾವಿ ಎಲ್ಲದರಿ?”

“ಅದೇ ಅಲ್ಲ ತಾಯಿ, ಬರದಾರಲ್ಲ. ಲಡಾಯಿ ನಡದದ. ತಗಡು, ಸ್ಪ್ರಿಂಗು ಎಲ್ಲಿಂದ ತರ್ಬೇಕು? ಈಗ ಎಲ್ಲಾ ಕಡಿ ಇದೇ ಹೊಸ ನಮೂನಿ.”

ನಾನು ಸೊಂಟದಿಂದ ನನ್ನ ಚಾವಿ ತೆಗೆದು ಆ ಚಿತ್ರದ ಮೇಲೆ ಇಟ್ಟೆ.

“ಚುಚ್ಚಬ್ಯಾಡ್ರಿ, ಹರೀತದ” ಅಂದರು ದೌಲತರಾಯರು.

ಹರಿಯುವ ರೈಲನ್ನು ಅವರ ಹಲಗೆಗೇ ಬಿಟ್ಟು ಬಂದೆ. ಇವರೆಲ್ಲ ಕೂಸುಗಳಿಗೆ ಮಾಡುತ್ತೇವೆ ಅನ್ನುತ್ತಾರೆ. ಕೂಸು ಏನು ಕೊಟ್ಟರೂ ತೆಗೆದುಕೊಳ್ಳುತ್ತದೆ ಅನ್ನುವ ಧೈರ್ಯ ಅದು. ನಮ್ಮ ಮನೆಯವರಂಥ ಗಿರಾಕಿ ಊರಿಗೊಬ್ಬ ಇದ್ದಿದ್ದರೆ ಇವರ ಅಂಗಡಿಗಳು ಮುಚ್ಚುತ್ತಿದ್ದವು, ಇಲ್ಲವೆ ಗಾಲಿಗೆ ತುಟಿ ಬರುತ್ತಿತ್ತು.

ವರ್ಷದ ದಿನ ಬಂತು. ಹೋಳಿಗೆ, ಹುರುಳಿಕಾಳಿನ ಪಲ್ಯ ಮಾಡಿದೆ. ಹಗೇವಿನ ಸುತ್ತಿನ ಹಳಿ ಬೂದಿ ಹಾಕಿ ಉಜ್ಜಿದೆ. ಮೂರು ಡಬ್ಬಿಗೂ ಕೀಲೆಣ್ಣೆ ಹಾಕಿ ಹಳಿಯ ಮೇಲೆ ಕೂಡಿಸಿದೆ. ಒಳಗೆ ಹೋಗಿ ಎಡೆ ಬಡಿಸಿಕೊಂಡು ಬರುವಷ್ಟರಲ್ಲಿ ಗುರುಬಾಯಿ ಪೀರಪ್ಪನ ಇಂಜಿನ್ನನ್ನು ಅವುಗಳ ಮುಂದೆ ಇಟ್ಟಿದ್ದಳು. ಒಂದು ಕಡೆಯ ಗಾಲಿ ಹಳಿಯ ಮೇಲೆ, ಇನ್ನೊಂದು ಕಡೆಯದು ಮಣ್ಣಲ್ಲಿ. ಕುಂಟ ಎತ್ತಿನ ಹಾಗೆ ವಾಲಿತ್ತು.

ಎತ್ತಿ ಅವಳ ಕೈಗೆ ಕೊಟ್ಟೆ.

“ಇಂಜಿನ್ ಇಲ್ಲದ ರೈಲು ಇಟ್ರ ಅಂವ ನಗಾಂಗಿಲ್ಲೇನು?” ಅಂದಳು.

ಆಗ ನೆನಪಾಯಿತು. ಅವರೇ ಹೇಳಿದ್ದು. ದೊಡ್ಡ ಸ್ಟೇಶನ್ನಿನಲ್ಲಿ ಇಂಜಿನ್ನನ್ನು ಬಿಚ್ಚಿ ನೀರು ಕುಡಿಸಲು ಮುಂದೆ ಒಯ್ಯುತ್ತಾರೆ. ಡಬ್ಬಿಗಳು ಹಾಗೇ ನಿಂತಿರುತ್ತವೆ. ರೈಲು ಕಂಡಿಲ್ಲದವರು ಕೆಟ್ಟು ನಿಂತಿತು ಅಂದುಕೊಂಡು ಗಾಬರಿಯಾಗುತ್ತಾರೆ. ಅವರ ಗಾಬರಿ ಹೇಳಿ ಇವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

“ನಗಾಂಗಿಲ್ಲ. ಇಂಜಿನ್ ನೀರಿಗಿ ಹೋಗ್ಯಾದ” ಅಂದೆ.

ಗುರುಬಾಯಿ ನನ್ನನ್ನು ನೋಡಿದಳು. “ಯಾವಾಗ ಬರ್ತದಂತ?”

ಮೊದಲ ಡಬ್ಬಿಯ ಮುಂದೆ ಒಂದು ಇಂಜಿನ್ನಿನಷ್ಟು ಜಾಗ ಬಿಟ್ಟು, ತಂಬಿಗೆಯಲ್ಲಿ ನೀರಿಟ್ಟೆ. ಬಿಟ್ಟ ಜಾಗದಲ್ಲಿ ಹಳಿಯ ಮೇಲೆ ಚಾವಿ ಇಟ್ಟೆ. ಎಡೆ ಇಟ್ಟೆ. ಆಕೆ ಕೈಯಲ್ಲಿದ್ದ ಇಂಜಿನ್ನನ್ನು ಬದಿಗಿಟ್ಟು, ಬಂದು ಕೂತು, ಮೂರು ಡಬ್ಬಿಗೂ ವಿಭೂತಿ ಹಚ್ಚಿದಳು.

ಪೀರಪ್ಪನ ಇಂಜಿನ್ನನ್ನು ಮನೆಯಲ್ಲೇ ಬಿಟ್ಟು ಹೋದಳು. ಗಾಳಿಗೆ ಬಾಗಿಲು ಬಡಿದುಕೊಳ್ಳದ ಹಾಗೆ ಅದನ್ನು ಒತ್ತು ಕೊಟ್ಟಿದ್ದೇನೆ. ಅಲ್ಲಾಡದೆ ನಿಲ್ಲುತ್ತದೆ. ಆ ಕೆಲಸಕ್ಕೆ ಒಳ್ಳೆಯ ಮಾಲು.