ಪುತಾ ಅನ್ನಬಾರದ ಊರು

ಮೊಮ್ಮಗ ಹುಟ್ಟಿದ ದಿನ ಆಸ್ಪತ್ರೆಯ ಲಿಫ್ಟಿನಲ್ಲಿ ಗುರುತು ಪರಿಚಯ ಇಲ್ಲದವರ ಕೈ ಹಿಡಿದು "ನಾನು ಅಜ್ಜಿ ಆದೆ, ಅಜ್ಜಿ ಆದೆ" ಅಂತ ಹೇಳಿಕೊಂಡು ಇಳಿದವಳು ನಾನು. ಕನ್ನಡದಲ್ಲೇ ಹೇಳಿದ್ದು. ಒಬ್ಬ ಬಿಳಿ ಮುದುಕ ಟೊಪ್ಪಿ ತೆಗೆದು ತಲೆ ಬಗ್ಗಿಸಿದ. ಅವನಿಗೆ ಅರ್ಥವಾಯಿತೋ, ಇವಳ ಮನೆಯಲ್ಲಿ ಯಾರೋ ತೀರಿಕೊಂಡರು ಅಂತ ತಿಳಿದನೋ, ದೇವರಿಗೇ ಗೊತ್ತು.

ಅಷ್ಟು ಸಂತೋಷ ತುಂಬಿದ್ದ ಮನೆಯಲ್ಲಿ ಕೆಲವೇ ತಿಂಗಳಿಗೆ ನನ್ನ ಮಂಡೆಬಿಸಿ ಶುರುವಾಯಿತು. ಮಾಡಿದ್ದು ಬೇರೆ ಯಾರೂ ಅಲ್ಲ, ನನ್ನ ಮಗ.

ಮಗ ಇಲ್ಲೇ, ಲಂಡನ್ನಿನ ಅಂಚಿನ ಸಟನ್ ಹತ್ತಿರದ ಆಸ್ಪತ್ರೆಯಲ್ಲಿ ನರ್ಸ್. ಅವನ ಅಪ್ಪ ಹೋದ ಮೇಲೆ, ತೊಂಬತ್ತನೇ ಇಸವಿಯ ಆಚೆ ಈಚೆ, ನನ್ನನ್ನು ಉಡುಪಿಯ ಕಡೆಯಿಂದ ಇಲ್ಲಿಗೆ ಕರೆದುಕೊಂಡು ಬಂದ. ಸೊಸೆಯೂ ಅಲ್ಲೇ ನರ್ಸ್. ಅವಳ ಊರು ಗ್ವಾಟೆಮಾಲಾ ಸಿಟಿ. ಅದೆಲ್ಲಿ ಅಂತ ಕೇಳಿದರೆ, ಅಮೆರಿಕದ ಕೆಳಗೆ, ಭೂಮಿ ಸೊಂಟದ ಹಾಗೆ ಸಪೂರ ಆಗುವಲ್ಲಿ. ಮ್ಯಾಪಿನಲ್ಲಿ ಅವಳೇ ತೋರಿಸಿದ್ದು. ಮದುವೆಯ ಮಾತು ಬಂದಾಗ ನಾನು ಒಂದೇ ಪ್ರಶ್ನೆ ಕೇಳಿದ್ದು, ಹುಡುಗಿ ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗುತ್ತಾಳಾ ಅಂತ. ಹೋಗುತ್ತಾಳಂತೆ. ಅವರ ಸ್ಪ್ಯಾನಿಷಿನಲ್ಲಿ ಇಗರ್ಜಿಗೆ ಇಗ್ಲೇಸಿಯಾ ಅನ್ನುವುದಂತೆ. ನಮ್ಮ ಕೊಂಕಣಿಗೆ ಅಕ್ಕತಂಗಿಯೇ ಆಯಿತಲ್ಲ ಅಂತ ಒಪ್ಪಿಬಿಟ್ಟೆ.

ಈಗ ಮಗುವಿನ ತಲೆಗೆ ನೀರು ಹಾಕುವ ಜ್ಞಾನಸ್ನಾನ ಸೊಸೆಯ ಊರಿನಲ್ಲೇ ಆಗಬೇಕು ಅಂತಾಯಿತು. ಅವಳ ತಾಯಿಗೆ ಕಾಲಿನ ಕಾಯಿಲೆ, ಅಷ್ಟು ದೂರ ವಿಮಾನದಲ್ಲಿ ಕೂರಬಾರದು ಅಂತ ಡಾಕ್ಟರು ಹೇಳಿದ್ದರು. ಅವರು ಬರಲಾಗದಿದ್ದರೆ ನಾವು ಹೋಗುವ, ಅದರಲ್ಲಿ ಏನುಂಟು? ನನ್ನ ಮದುವೆಯ ಬಿಳಿ ಸೀರೆ ಇತ್ತು. ಅದನ್ನು ಕತ್ತರಿಸಿ ಮಗುವಿಗೆ ಅಂಗಿ ಹೊಲಿಯಲು ಕೂತೆ. ಕೈಯಲ್ಲೇ ಹೊಲಿದದ್ದು, ಮೆಷಿನ್ ಅಲ್ಲ. ಅದನ್ನು ನನ್ನ ಕೈಯಾರೆ ತೊಡಿಸಬೇಕು ಅಂತ ಒಂದೇ ಆಸೆ.

ಅಷ್ಟಕ್ಕೇ ಮಗನ ಪಾಠ ಶುರು. ದಿನಾ ಊಟಕ್ಕೆ ಕೂತಾಗ.

"ಮಾಯ್, ಅಲ್ಲಿಗೆ ಚಿನ್ನ ಒಂದೂ ಇಲ್ಲ."

"ಕಿವಿಯದ್ದು?"

"ಕಿವಿಯದ್ದೂ ಇಲ್ಲ."

"ತೂತು ಮುಚ್ಚಿ ಹೋಗ್ತದೆ ಮಾರಾಯ."

"ಹೋಗ್ಲಿ. ಮತ್ತೆ ರಸ್ತೆಯಲ್ಲಿ ಕೈ ತೋರಿಸಿ ಟ್ಯಾಕ್ಸಿ ನಿಲ್ಲಿಸ್ಲಿಕ್ಕಿಲ್ಲ. ಫೋನ್ ಮಾಡಿ ಕರೆಸಿದ್ದು ಮಾತ್ರ. ಕತ್ತಲೆ ಆದ್ಮೇಲೆ ಹೊರಗೆ ಕಾಲಿಡ್ಲಿಕ್ಕಿಲ್ಲ. ಕೆಂಪು ಬಸ್ ಅಂತೂ ಹತ್ತಲೇಬಾರದು."

"ಹಾಗಾದ್ರೆ ನಾಳೆ ನಾನು ಇಗರ್ಜಿಗೆ ಹೇಗೆ ಹೋಗುವುದು?"

"ಇಲ್ಲಿಯ ಬಸ್ ಅಲ್ಲ ಮಾಯ್, ಅಲ್ಲಿಯದ್ದು!"

ಅಲ್ಲಿಯೂ ಬಸ್ಸು ಕೆಂಪಂತೆ. ಹಳೆಯ ಬಸ್ಸುಗಳು, ಪುಂಡರು ಹತ್ತಿ ಜನರನ್ನು ದೋಚುತ್ತಾರಂತೆ. ಸೊಸೆ ಮಗುವನ್ನು ತಟ್ಟುತ್ತಾ ಇಂಗ್ಲಿಷಿನಲ್ಲಿ ಸಿಡುಕಿದಳು. "ನರ್ಸಿಂಗ್ ಕಲಿಯುವಾಗ ನಾನು ದಿನಾ ಹೋದದ್ದು ಅದರಲ್ಲೇ. ಅದು ನನ್ನ ಊರು, ಸಿಂಹದ ಗುಹೆ ಅಲ್ಲ." ಅವಳು ಹಾಗೆ ಅಂದದ್ದೇ ತಡ, ಇವನು ಇನ್ನೂ ನಾಲ್ಕು ನಿಯಮ ಸೇರಿಸಿದ.

ನನಗೆ ರಗಳೆ ಅನಿಸಿದ್ದು ಅದಕ್ಕೇ. ಈ ಲಂಡನ್ನಿಗೆ ಬಂದಾಗಲೂ ಇವನು ಹೀಗೇ ಹೆದರಿಸಿದವ. ಟ್ಯೂಬಿನಲ್ಲಿ ಯಾರ ಮೋರೆಯನ್ನೂ ನೋಡಬೇಡ, ಯಾರು ಬೆಲ್ ಒತ್ತಿದರೂ ಬಾಗಿಲು ತೆರೆಯಬೇಡ. ಮೋರೆ ನೋಡದಿದ್ದರೆ ದಾರಿ ಕೇಳುವುದು ಯಾರ ಹತ್ತಿರ? ನಾನು ಓದಿದ್ದು ನಾಲ್ಕನೇ ಕ್ಲಾಸು. ಬಸ್ಸಿನ ನಂಬರ್ ಓದುತ್ತೇನೆ, ಊರಿನ ಹೆಸರು ಓದಲು ಹೋದರೆ ಅಷ್ಟರಲ್ಲಿ ಬಸ್ಸೇ ಹೋಗಿರುತ್ತದೆ. ಆದರೂ ಬಂಗುಡೆ ಮೀನು ಬೇಕಾದರೆ ಟೂಟಿಂಗ್‌ಗೆ ಒಬ್ಬಳೇ ಹೋಗಿ ಬರುತ್ತೇನೆ. ಇಳಿಯುವ ಸ್ಟಾಪು ಬಂದರೆ ಹಿಂದಿನ ಸೀಟಿನವರು ಬೆನ್ನು ತಟ್ಟುತ್ತಾರೆ. ಮೋರೆ ನೋಡಿ ಹೇಳಿಟ್ಟದ್ದಕ್ಕೇ ತಟ್ಟುವುದು.

ಅಂಥ ಒಂದು ದಿನ ಬಂಗುಡೆ ತಂದು ಸಟನ್ನಿನ ಪೇಟೆಯಲ್ಲಿ ಬಸ್ಸಿಳಿದು ನಡೆಯುತ್ತಿದ್ದೆ. ಹಿಂದಿನಿಂದ ಯಾರೋ ನನ್ನ ಚೀಲ ಹಿಡಿದು ಎಳೆದರು. ನಾನು ತಿರುಗಿ ನೋಡಲೂ ಇಲ್ಲ. ಕೊಡೆ ಬೀಸಿದೆ. ಒಂದು ಏಟು ಕಿವಿಗೆ ಬಿತ್ತು, ಇನ್ನೊಂದು ಭುಜಕ್ಕೆ. "ಕಳ್ಳಾ, ನಿನ್ನ ಕೈ ಸೇದಿ ಹೋಗ್ಲಿ" ಅಂತ ಕೂಗಿದ ಮೇಲೆ ನೋಡಿದರೆ, ಮಳೆಕೋಟಿನ ಟೊಪ್ಪಿಯೊಳಗೆ ನನ್ನ ಮಗ!

"ಮಾಯ್, ನಾನು, ನಾನು! ಪರೀಕ್ಷೆ ಮಾಡಿದ್ದು!"

ಅಷ್ಟರಲ್ಲಿ ಒಬ್ಬಳು ಪೊಲೀಸ್ ಹುಡುಗಿ ಓಡಿ ಬಂದು ಅವನ ತೋಳು ಹಿಡಿದಳು. ಈ ಮನುಷ್ಯ ನಿಮಗೆ ತೊಂದರೆ ಕೊಡುತ್ತಿದ್ದಾನಾ ಅಂತ ನನ್ನನ್ನು ಕೇಳಿದಳು. ನನ್ನ ಇಂಗ್ಲಿಷ್ ಸಣ್ಣದು, ಆದರೆ ಆ ಪ್ರಶ್ನೆ ಚೆನ್ನಾಗಿ ತಿಳಿಯಿತು. "ಯೆಸ್" ಅಂದೆ. "ಎವ್ರಿ ಡೇ."

"ಶೀ ಈಸ್ ಮೈ ಮಮ್!" ಅಂತ ಇವನು ಆಸ್ಪತ್ರೆಯ ಕಾರ್ಡ್ ತೆಗೆದು ತೋರಿಸಿದ. ಹುಡುಗಿ ನನ್ನ ಮೋರೆ ನೋಡಿದಳು. ನಾನು ಸ್ವಲ್ಪ ಹೊತ್ತು ಬಿಟ್ಟೇ ಹೌದು ಅಂದೆ.

ಮನೆಗೆ ಬಂದ ಮೇಲೆ ನಗು ಇರಲಿಲ್ಲ. ಕಿವಿಗೆ ಐಸ್ ಹಿಡಿದುಕೊಂಡು ಕೂತವ ಮೆಲ್ಲಗೆ ಹೇಳಿದ. "ಚೀಲ ಎಳೆದ್ರೆ ಬಿಟ್ಟುಬಿಡು ಅಂತ ಎಷ್ಟು ಸಲ ಹೇಳಿದ್ದೇನೆ? ಅಲ್ಲಿ ಹೀಗೆ ಹೊಡೆದಾಡಿದ್ರೆ ಅವರು ಗುಂಡು ಹಾರಿಸ್ತಾರೆ ಮಾಯ್. ಅಪ್ಪನಿಗೆ ಮಣ್ಣು ಹಾಕಿ ಆಯ್ತು. ನಿನಗೂ ಹಾಕ್ಲಿಕ್ಕೆ ನಾನು ತಯಾರಿಲ್ಲ. ನೀನು ಬರುವುದು ಬೇಡ. ಫೋಟೋ ತರ್ತೇವೆ."

ಫೋಟೋ! ಬಂಗುಡೆ ಬೇಸಿನ್ನಿನಲ್ಲೇ ಬಿದ್ದಿತ್ತು, ನಾನು ಮುಟ್ಟಲಿಲ್ಲ. ಅಂಗಿಯ ಒಂದು ತೋಳು ಬಾಕಿ ಇತ್ತು. ಅದನ್ನು ಮಡಚಿ ತೊಟ್ಟಿಲಿನ ಕಾಲಬುಡದಲ್ಲಿ ಇಟ್ಟೆ. ಅವನು ಹೆದರಿದ್ದು ನನ್ನ ಮೇಲಿನ ಪ್ರೀತಿಯಿಂದಲೇ ಅಂತ ಗೊತ್ತಿಲ್ಲದವಳಲ್ಲ. ಆ ಪ್ರೀತಿಯನ್ನು ಹಿಡಿದು ನಾಲ್ಕು ಬಾರಿಸಬೇಕು ಅನಿಸಿತು, ಅಷ್ಟೆ.

ಭಾನುವಾರ ಮಧ್ಯಾಹ್ನ ಸೊಸೆ ಊರಿಗೆ ಫೋನ್ ಮಾಡುವ ಪದ್ಧತಿ. ಅಂಗಡಿಯಿಂದ ಫೋನ್ ಕಾರ್ಡ್ ತಂದು, ಉಜ್ಜಿ, ಅದರ ಉದ್ದದ ನಂಬರು ಒತ್ತಿ, ಆ ಮೇಲೆ ಸ್ಪೀಕರಿಗೆ ಹಾಕುತ್ತಾಳೆ. ಆ ಭಾನುವಾರ ಕೊಡೆಯ ಕಥೆಯೆಲ್ಲ ಹೇಳಿ, ಮಾಯ್ ಬರುವುದಿಲ್ಲ ಅಂತ ಅವಳು ಅಳುದನಿ ತೆಗೆದಳು. ಆಚೆಯಿಂದ ನನ್ನ ಬೀಗಿತ್ತಿ ಏನೇನೋ ಕೇಳುತ್ತಿದ್ದರು. ತಾಯಿ ಅತ್ತರೆ ಮಗು ಬಿಡುತ್ತದಾ? ಅವನೂ ಶುರು ಮಾಡಿದ. ನಾನು ಎತ್ತಿಕೊಂಡು, ಫೋನಿನ ಪಕ್ಕದಲ್ಲೇ, ನಮ್ಮ ಕೊಂಕಣಿಯಲ್ಲಿ ಸಮಾಧಾನ ಮಾಡಿದೆ. ಅಳಬೇಡ ಮಗನೇ ಅಂತ.

"ರಡನಾಕಾ ಪುತಾ... ಮ್ಹಜ್ಯಾ ಪುತಾ..."

ಫೋನು ಸ್ತಬ್ಧ. ಗ್ವಾಟೆಮಾಲಾವೇ ಉಸಿರು ಹಿಡಿದ ಹಾಗೆ.

ಸೊಸೆ ಕೆಂಪಾದಳು. ಕಣ್ಣೀರು ಇನ್ನೂ ಇತ್ತು, ನಗು ಹೊರಗೆ ಬಂತು. ನಗುತ್ತಾ ನಗುತ್ತಾ ನೆಲದಲ್ಲೇ ಕೂತುಬಿಟ್ಟಳು. ನನಗೆ ತಲೆಬುಡ ತಿಳಿಯಲಿಲ್ಲ. "ಎಂತದು? ಮಗನಿಗೆ ಪುತಾ ಅಂತ ಹೇಳ್ಬಾರದಾ?"

ಹೇಳಬಾರದಂತೆ. ಅವರ ಭಾಷೆಯಲ್ಲಿ ಅದು ನಡತೆಗೆಟ್ಟ ಹೆಂಗಸಿಗೆ ಬಯ್ಯುವ ಮಾತಂತೆ. ಬೀದಿಯಲ್ಲಿ ಅಂದರೆ ಕೈಕೈ ಹತ್ತುವಂಥದ್ದು. ಮದುವೆಯಾದ ಹೊಸತರಲ್ಲಿ ನಾನು ನನ್ನ ಮಗನನ್ನು ಪುತಾ ಅಂತ ಊಟಕ್ಕೆ ಕರೆಯುವುದನ್ನು ಕೇಳಿ, ದೇವರೇ ನಾನು ಎಂಥ ಮನೆಗೆ ಬಂದೆ ಅಂತ ಅವಳು ಬಾತ್‌ರೂಮಿಗೆ ಹೋಗಿ ಅತ್ತಿದ್ದಳಂತೆ. ಅರ್ಥ ಗೊತ್ತಾದ ಮೇಲೆ ನನಗೆ ಬೇಜಾರಾದೀತು ಅಂತ ಹೇಳಲಿಲ್ಲವಂತೆ.

"ನೋಡಿದ್ರಾ!" ಮಗ ಎದ್ದು ನಿಂತ. "ಕೈಯಲ್ಲಿ ಕೊಡೆ, ಬಾಯಲ್ಲಿ ಇದು. ಇವಳನ್ನು ಕರೆದುಕೊಂಡು ಹೋಗಿ ನಾವು ವಾಪಸು ಬಂದ ಹಾಗೆಯೇ!"

ಅಷ್ಟರಲ್ಲಿ ಸೊಸೆ ತಾಯಿಗೆ ಎಲ್ಲ ಬಿಡಿಸಿ ಹೇಳಿದ್ದಳು. ಫೋನಿನೊಳಗಿಂದ ಒಂದು ನಗು ಬಂತು ನೋಡಿ, ಹಿತ್ತಲಲ್ಲಿ ಕೋಳಿಗಳನ್ನು ಒಟ್ಟಿಗೆ ಬಿಟ್ಟ ಹಾಗೆ. ನಕ್ಕು ಮುಗಿದ ಮೇಲೆ ಆ ಹೆಂಗಸು ಗಟ್ಟಿಯಾಗಿ ಮಾತಾಡಿದರು. ಸೊಸೆ ಒಂದೊಂದೇ ಇಂಗ್ಲಿಷ್ ಮಾಡಿದಳು, ಮಗ ಒಲ್ಲದ ಮನಸ್ಸಿನಿಂದ ನನಗೆ ಕೊಂಕಣಿ ಮಾಡಿದ.

"ಮೀನಿನ ಚೀಲಕ್ಕೇ ಅಷ್ಟು ಹೊಡೆದಾಡುವವಳ ಕೈಯಿಂದ ನನ್ನ ಮೊಮ್ಮಗನನ್ನು ಯಾರು ಕಸಿದಾರು? ಕರೆದುಕೊಂಡು ಬನ್ನಿ. ಚೀಲ ಮಾತ್ರ ಅವಳ ಕೈಗೆ ಕೊಡಬೇಡಿ. ಮಗುವನ್ನು ಕೊಡಿ. ಎರಡೂ ಕೈ ತುಂಬಿದ್ದರೆ ಹೊಡೆಯುವುದು ಹೇಗೆ? ಏರ್‌ಪೋರ್ಟಿಗೆ ನಮ್ಮ ಗುರುತಿನ ಕಾರಿನವ ಬರುತ್ತಾನೆ, ಇಗ್ಲೇಸಿಯಾಕ್ಕೂ ಅವನೇ, ಹಗಲಿನಲ್ಲೇ. ಉಳಿದಂತೆ ನನ್ನ ಜೊತೆ ಮನೆಯಲ್ಲಿ. ಪಾದ್ರಿಗೆ ಆ ಮಾತಿನ ವಿಷಯ ನಾನೇ ಮೊದಲು ಹೇಳಿಡುತ್ತೇನೆ."

ಮಗ ಸೀದಾ ಹೋಗಿ ನನ್ನ ಪಾಸ್‌ಪೋರ್ಟ್ ಹುಡುಕತೊಡಗಿದ. ಅತ್ತೆಯ ಎದುರು ಮಾತಾಡುವ ಅಳಿಯ ಉಡುಪಿಯಲ್ಲಿ ಇಲ್ಲ, ಗ್ವಾಟೆಮಾಲಾದಲ್ಲೂ ಇಲ್ಲ ಅಂತ ಕಾಣುತ್ತದೆ. ನಾನು ಫೋನಿಗೆ ಬಾಯಿಟ್ಟು "ಇಗ್ಲೇಸಿಯಾ! ಇಗರ್ಜಿ!" ಅಂತ ಕೂಗಿದೆ. ನನಗೆ ಬರುತ್ತಿದ್ದದ್ದು ಅದೊಂದೇ. "ಸೀ, ಸೀ!" ಅಂತ ಆಚೆಯಿಂದಲೂ ಕೂಗು, ಹೌದು ಹೌದು ಅಂತಂತೆ. ಅಂಗಿಯ ತೋಳು ಅಂದೇ ಹೊಲಿದು ಮುಗಿಸಿದೆ.

ರಗಳೆ ಮುಗಿಯಿತು ಅಂತ ತಿಳಿದರೆ ಇಲ್ಲ. ಹೊಸ ನಿಯಮ ಬಂತು, ಮಗುವನ್ನು ಬಾಬಾ ಅಂತ ಕರೆಯಬೇಕು. ಮಗ ದಿನಾ ಪರೀಕ್ಷೆ ಮಾಡುವುದು. "ಹೇಳು ಮಾಯ್, ಬಾಬಾ." ಬಾಬಾ ಅನ್ನುತ್ತೇನೆ. ಮಗು ಬೊಚ್ಚು ಬಾಯಿ ತೆರೆದು ನಕ್ಕಿತೋ, ಪುತಾ ಹೊರಗೆ! ಈ ನಾಲಿಗೆ ಮಗುವಿನ ಅಪ್ಪನನ್ನು ಸಾಕಿದ ನಾಲಿಗೆ, ಅದಕ್ಕೆ ನಿಯಮ ಗೊತ್ತುಂಟಾ? ಇವನಿಗೆ ಸಿಟ್ಟು, ನನಗೂ ಸಿಟ್ಟು. ಮಗುವಿಗೆ ಮಾತ್ರ ಭಾರೀ ಕುಶಿ.

ಹೊರಡುವ ಬೆಳಿಗ್ಗೆ ಏರ್‌ಪೋರ್ಟಿಗೆ ಹೋದದ್ದು ಕೆಂಪು ಬಸ್ಸಿನಲ್ಲೇ. ಸಟನ್ನಿನಿಂದ ನೇರ ಹೋಗುತ್ತದಲ್ಲ, ಅದು. ಕಿವಿ ಬೋಳು, ಕೈ ಬೋಳು, ಚೀಲ ಇಲ್ಲ, ಕೊಡೆಯನ್ನು ಮಗ ಮನೆಯಲ್ಲೇ ಅಡಗಿಸಿ ಇಟ್ಟಿದ್ದ. ಮಡಿಲಲ್ಲಿ ಮೊಮ್ಮಗ. ಇಳಿದ ಮೇಲೆ ಹೇಗೂ ಹೇಳಬಾರದಲ್ಲ, ಇಲ್ಲಿಯೇ ಹೊಟ್ಟೆ ತುಂಬ ಹೇಳಿ ಮುಗಿಸುವ ಅಂತ ಅವನ ಕಿವಿಗೆ ಬಾಯಿಟ್ಟೆ. ಪುತಾ, ಪುತಾ, ಮ್ಹಜ್ಯಾ ಪುತಾ. ದಾರಿಯುದ್ದಕ್ಕೂ. ಅವನು ನಗುವುದು, ನಾನು ಹೇಳುವುದು. ನನ್ನ ದನಿ ಯಾವಾಗ ದೊಡ್ಡದಾಯಿತೋ ನನಗೇ ಗೊತ್ತಾಗಲಿಲ್ಲ.

ಎದುರು ಸೀಟಿನ ಹೆಂಗಸೊಬ್ಬಳು ಪೇಪರು ಕೆಳಗಿಳಿಸಿ ನನ್ನನ್ನೇ ದುರುಗುಟ್ಟಿ ನೋಡಿ ಏನೋ ಗೊಣಗಿದಳು. ಸೊಸೆ ಕೂಡಲೇ ಅವಳ ಕಡೆ ಬಾಗಿ ಸ್ಪ್ಯಾನಿಷಿನಲ್ಲಿ ಕ್ಷಮೆ ಕೇಳತೊಡಗಿದಳು.

"ಮಾಯ್," ಮಗ ಹಲ್ಲು ಕಚ್ಚಿ ಹೇಳಿದ, "ಇನ್ನೂ ಲಂಡನ್ನೇ ದಾಟ್ಲಿಲ್ಲ."