ಮೇಲವಂಕಿಗೆ ಹೋಗಿ ನೋಡಿ ಬಂದ ಕಾಕಾ

ಏನನ್ನಾದರೂ ನೋಡುವಾಗ ಪಕ್ಕದ ಮನೆಯ ಕಾಕಾ ಅವರ ಎಡಗಣ್ಣು ತಾನಾಗಿ ಅರ್ಧ ಮುಚ್ಚಿಕೊಳ್ಳುತ್ತಿತ್ತು. ಗಿರಣಿಯಲ್ಲಿ ಬಟ್ಟೆಯನ್ನು ಬೆಳಕಿಗೆ ಹಿಡಿದು, ಎಳೆ ತಪ್ಪಿದ್ದನ್ನು ಹುಡುಕುವ ಕೆಲಸದಲ್ಲೇ ಅವರ ಪ್ರಾಯ ಕಳೆದಿತ್ತು. ಪಗಾರ ನಿಂತರೂ ಕಣ್ಣಿನ ಚಟ ನಿಲ್ಲಲಿಲ್ಲ. ಹಾಲಿನವನನ್ನೂ, ಓಟು ಕೇಳಲು ಬಂದವರನ್ನೂ, ನಮ್ಮ ಪಾದ್ರಿಗಳನ್ನೂ ಅದೇ ಅರ್ಧಗಣ್ಣಿನಲ್ಲಿ ನೋಡುತ್ತಿದ್ದರು. ನನಗಂತೂ ಆ ಕಣ್ಣು ಕಂಡರೆ ಆಗುತ್ತಿರಲಿಲ್ಲ.

ಗೋಕಾಕದ ನಮ್ಮ ಓಣಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಗೋಡೆಯಾಚೆ ಕಾಕಾ ಅವರದು. ಅವರ ತಂದೆಯ ಕಾಲಕ್ಕೇ ಬೌದ್ಧರಾದ ಮನೆತನ. ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಾನು ಕೊಣ್ಣೂರಿನ ಶಾಲೆಯಲ್ಲಿ ಕಲಿಸುತ್ತಿದ್ದೆ, ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ಎರಡೂ ಮನೆಗಳ ನಡುವೆ ಪ್ರೀತಿಯೂ ಇತ್ತು, ಪಹರೆಯೂ ಇತ್ತು. ಬುದ್ಧ ಪೂರ್ಣಿಮೆಗೆ ಆ ಮನೆಯಿಂದ ಖೀರು ಬಂದರೆ ಅವ್ವ ಬಟ್ಟಲು ಮುಟ್ಟುವ ಮೊದಲೇ ಕೇಳುತ್ತಿದ್ದಳು:

“ಮೂರ್ತಿ ಮುಂದ ಇಟ್ಟಿದ್ದೇನ್ರಿ ಅಣ್ಣಾರ?”

“ಬುದ್ಧ ದೇವ್ರಲ್ಲ ತಂಗಿ, ಅವಗ ಯಾರು ಎಡಿ ಹಿಡೀತಾರ? ಬೆಕ್ಕಿನ ಮುಂದ ಇಟ್ಟಿದ್ದೆ, ಅದು ಬ್ಯಾಡ ಅಂತು.”

ಕ್ರಿಸ್ಮಸ್ಸಿಗೆ ನಮ್ಮ ಕರಚಿಕಾಯಿ ಹೋದಾಗ ಸರದಿ ಅವರದು. “ಇದನ್ನ ತಿಂದ್ರ ನಿಮ್ಮ ಸಭಾದಾಗ ನನ್ನ ಹೆಸರು ಬರಕೋತೀರೇನು?” ಎನ್ನುತ್ತ ಒಂದನ್ನು ಮುರಿದು, ಒಳಗೆ ಇಣುಕಿ, ಆಮೇಲೆ ತಿನ್ನುತ್ತಿದ್ದರು.

ಸಂಜೆ ಕಟ್ಟೆಯ ಮೇಲೆ ಇಬ್ಬರಿಗೂ ವಾದ ಹತ್ತುತ್ತಿತ್ತು. ಕಾಣದ್ದನ್ನು ನಂಬುವುದೇ ವಿಶ್ವಾಸ ಎಂದು ಅವ್ವ. ಬುದ್ಧ ತನ್ನ ಮಾತನ್ನೂ ಪರೀಕ್ಷೆ ಮಾಡಿಯೇ ಒಪ್ಪಿರಿ ಎಂದವನು, ಬಂದು ನೋಡಿರಿ ಎಂದವನು ಎಂದು ಕಾಕಾ. “ನೋಡಿದ ಮ್ಯಾಲೆ ನಂಬೂದೇನೈತ್ರಿ? ಎಮ್ಮಿ ನೋಡಿ ಎಮ್ಮಿ ಅಂದಂಗಾತು,” ಎಂದು ಅವ್ವ ನಗುತ್ತಿದ್ದಳು. ನಾನು ನಗುತ್ತಿರಲಿಲ್ಲ. ಅವ್ವನ ವಿಶ್ವಾಸದಲ್ಲಿ ಎಳೆ ಎಲ್ಲಿ ಸಡಿಲಾಗಿದೆ ಎಂದು ಈ ಮನುಷ್ಯ ಹುಡುಕುತ್ತಿದ್ದಾರೆ ಎಂಬ ಗುಮಾನಿ ನನಗೆ.

ಅವ್ವನಿಗೆ ಸಕ್ಕರೆ ಕಾಯಿಲೆ ಇತ್ತು. ಇನ್ಸುಲಿನ್ ಬಾಟಲಿಯನ್ನು ಒದ್ದೆ ಮಣ್ಣಿನ ಕುಡಿಕೆಯಲ್ಲಿ ತಣ್ಣಗಿಟ್ಟು, ದಿನಾ ಸೂಜಿ ಚುಚ್ಚುತ್ತಿದ್ದೆ. ಒಮ್ಮೆ ಮೂಡಲಗಿಯಲ್ಲಿ ಪ್ರಾರ್ಥನಾ ಕೂಟ ನಡೆದಾಗ ಮೇಲವಂಕಿಯ ರೈತನೊಬ್ಬ ಸಾಕ್ಷಿ ಹೇಳಲು ಎದ್ದ. ದೇವರು ತನಗೆ ಮಾಡಿದ ಉಪಕಾರವನ್ನು ಎಲ್ಲರೆದುರು ನಿಂತು ಹೇಳುವುದಕ್ಕೆ ನಾವು ಸಾಕ್ಷಿ ಎನ್ನುತ್ತೇವೆ. ಪ್ರಾರ್ಥನೆಯಿಂದ ಸಕ್ಕರೆ ಹೋಯಿತು, ಕಾಲಿನ ಹುಣ್ಣಿನ ನೋವು ಹೋಯಿತು, ಸೂಜಿ ಬಿಟ್ಟೆ ಎಂದು ಅವನು ಹೇಳಿದ. ಮರುದಿನ ಮುಂಜಾನೆ ಅವ್ವ ಕುಡಿಕೆಯ ಮೇಲೆ ತಾಟು ಮುಚ್ಚಿ, “ಇನ್ನ ಬ್ಯಾಡ,” ಎಂದಳು. ಸೂಜಿ ತಪ್ಪಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ಬಾಯಿ ಬಿಟ್ಟು ಏನಾದರೂ ಅಂದರೆ ದೇವರ ಮೇಲೆಯೇ ಸಂಶಯಪಟ್ಟಂತಾಗುತ್ತದಲ್ಲ ಎಂದು ಸುಮ್ಮನಾದೆ.

ಸುದ್ದಿ ತಿಳಿದು ಕಾಕಾ ಬಂದರು. “ಆ ಮನಷ್ಯಾನ್ನ ನೋಡಿ ಬರತೀನಿ. ಮೇಲವಂಕಿ ಏನ್ ಪರದೇಶದಾಗ ಐತೇನು?”

“ಹೋಗಿ ಬರ್ರಿ,” ಎಂದಳು ಅವ್ವ, ಒಂದಿಷ್ಟೂ ಅಳುಕದೆ. “ನೀವ ಹೌದಂದ್ರ ಊರ ನಂಬತೈತಿ.”

ತಮಗೆ ಬೇಕಾದ ಉತ್ತರವನ್ನೇ ತರುತ್ತಾರೆ ಇವರು ಎಂದುಕೊಂಡು ಶಾಲೆಗೆ ರಜೆ ಹಾಕಿ ನಾನೂ ಅದೇ ಬಸ್ಸು ಹತ್ತಿದೆ. ಕಾಕಾ ನಕ್ಕರು. “ನನ್ನ ಮ್ಯಾಲ ಸಂಶಯ ಐತೆಲ್ಲ ಮಗಳ? ಚಲೋ ಆತು. ಇಬ್ಬರು ನೋಡಿದ್ರ ಇನ್ನೂ ಚಲೋ.”

ಆ ರೈತ ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿದ್ದ. ಕಾಲಿನ ಪಟ್ಟಿ ಒದ್ದೆಯಾಗಿತ್ತು. ಕೂಟದಿಂದ ಬಂದ ಮೇಲೆ ಜ್ವರ ಏರಿತು, ಹುಣ್ಣು ಕೆಟ್ಟಿತು, ದವಾಖಾನೆಯವರು ಬೈದು ಮತ್ತೆ ಸೂಜಿ ಶುರು ಮಾಡಿದರು ಎಂದು ಅವನ ಹೆಂಡತಿ ಸಿಟ್ಟಿನಿಂದ ಹೇಳಿದಳು.

“ನಾ ಸುಳ್ಳ ಹೇಳಿಲ್ರಿ,” ಎಂದ ಅವನು. “ಪ್ರಾರ್ಥನಾ ಮಾಡಿದಾಗ ನೋವು ಖರೇನ ಹೋಗಿತ್ತು. ಅವತ್ತು ಚಲೋ ನಿದ್ದಿ ಹತ್ತಿತ್ತು.”

ಕಾಕಾ ಅರ್ಧಗಣ್ಣಿನಲ್ಲಿ ಅವನ ಮುಖವನ್ನೇ ಬಹಳ ಹೊತ್ತು ನೋಡಿದರು.

ಮರಳುವಾಗ ಬಸ್ಸಿನಲ್ಲಿ ನಾನೇ ಬೇಡಿಕೊಂಡೆ. “ಸೂಜಿ ಮತ್ತ ಶುರು ಮಾಡ್ಯಾನ, ಅಷ್ಟ ಹೇಳ್ರಿ ಕಾಕಾ. ನೋವು ಹೋಗಿದ್ದು ಹೇಳಬ್ಯಾಡ್ರಿ. ಅವ್ವ ಅದನ್ನ ಹಿಡಕೊಂಡ ಕುಂದರತಾಳ.”

“ಆ ಮಾತು ನನಗೂ ಬ್ಯಾಡಾಗಿತ್ತು ಮಗಳ. ಆದ್ರ ಅವಾ ಹೇಳ್ಯಾನಲ್ಲ. ಅರ್ಧಾ ಬಿಟ್ಟ ಹೇಳಿದ್ರ ಪೂರಾ ಸುಳ್ಳ ಆಗತೈತಿ.”

ಮನೆಗೆ ಬಂದು ಎಲ್ಲವನ್ನೂ ಹೇಳಿದರು. ಈಗ ಅವ್ವನೇ ಅವರನ್ನು ಗುಮಾನಿಯಿಂದ ನೋಡಿದಳು.

“ನೋವು ಹೋಗಿತ್ತಂತ ನೀವ ಹೇಳಾಕತ್ತೀರೇನ್ರಿ ಅಣ್ಣಾರ?”

“ಅವಾ ಹೇಳಿದ್ದು ಹೇಳಾಕತ್ತೇನಿ. ಹುಣ್ಣ ಮಾತ್ರ ನಾನ ನೋಡೀನಿ.”

ಅವ್ವ ಸೆರಗಿನ ಅಂಚನ್ನು ಹಿಂಡಿದಳು. “ಅದನ್ನ ಮುಚ್ಚಿಟ್ಟಿದ್ದರ ನಿಮ್ಮ ಸೂಜಿ ಮಾತೂ ನಾ ನಂಬತಿರಲಿಲ್ಲ,” ಎಂದು ನನ್ನತ್ತ ತಿರುಗಿ ಕುಡಿಕೆ ತರಲು ಹೇಳಿದಳು. ಬಾಟಲಿಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ತೋಳು ಚಾಚಿದಳು. ಕಾಕಾ ಗೋಡೆಯ ಕಡೆ ಮುಖ ಮಾಡಿ ಕಾದರು.

ಅವ್ವನನ್ನು ನನಗೆ ಉಳಿಸಿಕೊಟ್ಟವರು ಅವರು. ಈ ಋಣವನ್ನು ಅವರಿದ್ದಾಗ ಬಾಯಿ ಬಿಟ್ಟು ಹೇಳಲು ನನಗೆ ಆಗಲಿಲ್ಲ. ಬಸ್ಸಿನಲ್ಲಿ ಅವರಾಡಿದ ಮಾತನ್ನು ಮಾತ್ರ ಅವ್ವನಿಗೆ ಹೇಳಿದ್ದೆ.

ಕೆಲವು ವರ್ಷಗಳ ಮೇಲೆ ಹುಕ್ಕೇರಿಯಲ್ಲಿ, ಮಗಳ ಮನೆಯಲ್ಲಿ, ಕಾಕಾ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಮುಂದಿನ ಭಾನುವಾರ ಅವ್ವ ನಮ್ಮ ಸಭೆಯಲ್ಲಿ ಸಾಕ್ಷಿ ಹೇಳಲು ಎದ್ದಳು. ತನ್ನ ಜೀವ ಉಳಿಸಲು ದೇವರು ಪಕ್ಕದ ಮನೆಯವರನ್ನು ಮೇಲವಂಕಿಗೆ ಕಳಿಸಿದ ಎಂದಳು. ಪಾದ್ರಿಗಳ ಮುಖ ಅರಳಿತು.

“ಹಂಗಾರ ಅವರು ಕಡೀಕ ಪ್ರಭುನ್ನ ನಂಬಿದ್ರೇನವ್ವಾ?”

“ಇಲ್ರಿ,” ಎಂದಳು ಅವ್ವ. “ಕಡೀತನಾ ನಂಬಲಿಲ್ಲ. ಅದನ್ನ ಬಿಟ್ಟ ಹೇಳಿದ್ರ ಪೂರಾ ಸುಳ್ಳ ಆಗತೈತಿ.”